ಕುಯ್ಲಿಗೆ ಮುನ್ನ ಮಗುವಿಗೊಂದು ನೆಲೆ: ತಂದೆತಾಯಿಗಳು ತಿಳಿದಿರಬೇಕಾದ ವಿಷಯಗಳು

ಬೇಲೂರು ತಾಲ್ಲೂಕಿನ ಮಲೆನಾಡು ಭಾಗದಲ್ಲಿ ನವೆಂಬರಿನಿಂದ ಅರೇಬಿಕಾ ಹಣ್ಣಿನ ಕುಯ್ಲು. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಹಳೇಬೀಡು, ಅರಸೀಕೆರೆ ಕಡೆಯ ಅಡಿಕೆ ತೋಟಗಳಲ್ಲಿಯೂ ಹೆಚ್ಚುಕಡಿಮೆ ಇದೇ ತಿಂಗಳುಗಳಲ್ಲಿ ಗೊನೆ ಇಳಿಸುವ, ಸುಲಿಯುವ, ಬೇಯಿಸುವ ಕೆಲಸ. ಎರಡು ಮೂರು ಎಕರೆಯ ಬೆಳೆಗಾರರ ಮನೆಯಲ್ಲಿ ಈ ಕಾಲಕ್ಕೆ ಗಂಡ ಹೆಂಡತಿ ಇಬ್ಬರೂ ತೋಟದಲ್ಲೇ ಇರಬೇಕಾಗುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಸರಿ, ಇಲ್ಲವಾದರೆ ಮಗುವೂ ತೋಟಕ್ಕೆ ಬರುತ್ತದೆ. ಗೊಬ್ಬರ, ಚೀಲ, ಆಳುಗಳ ವಿಷಯವನ್ನು ನಾವು ಎರಡು ತಿಂಗಳು ಮೊದಲೇ ಯೋಚಿಸುತ್ತೇವೆ. ಮಗುವಿನ ವಿಷಯವನ್ನು ಮಾತ್ರ ಕುಯ್ಲು ಹಿಡಿದ ದಿನ ಯೋಚಿಸುತ್ತೇವೆ. ಇದು ತಿರುಗುಮುರುಗಾಗಬೇಕು.

ತೋಟವು ಮಗುವಿಗೆ ತಕ್ಕ ಜಾಗವೆ?

"ನಾವೆಲ್ಲ ತೋಟದಲ್ಲೇ ಬೆಳೆಯಲಿಲ್ಲವೆ?" ಎಂದು ಕೇಳುವವರುಂಟು. ಆದರೆ ಅಂದಿನ ತೋಟವೇ ಇಂದಿನ ತೋಟವಲ್ಲ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯ ಜಮೀನುಗಳಲ್ಲಿ ಕೃಷಿ ಹೊಂಡಗಳು ಹೆಚ್ಚಿವೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡಕ್ಕೆ ಜಾರಿದ ಮಗುವಿಗೆ ಹಿಡಿದು ಮೇಲೇರಲು ಏನೂ ಸಿಗದು. ದೊಡ್ಡವರಿಗೇ ಅದು ಕಷ್ಟ. ಅಡಿಕೆ ಬೇಯುವ ಹಂಡೆ, ತಿರುಗುತ್ತಿರುವ ಪಲ್ಪರ್, ಔಷಧ ಬೆರೆಸಿಟ್ಟ ಡ್ರಮ್ಮು, ಮುಚ್ಚದೆ ಬಿಟ್ಟ ಕೊಳವೆ ಬಾವಿ, ಇವೆಲ್ಲವೂ ಕೆಲಸದ ಭರಾಟೆಯಲ್ಲಿ ಯಾರ ಕಣ್ಣಿಗೂ ಬೀಳದೆ ಇರುತ್ತವೆ. ಬಿಕ್ಕೋಡು, ಅರೇಹಳ್ಳಿ ಭಾಗದ ತೋಟಗಳಲ್ಲಿ ಇದರ ಮೇಲೆ ಆನೆಗಳ ಭಯವೂ ಇದೆ. ಕೆಲಸ ಮಾಡುವ ಕೈ ಎರಡಿದ್ದರೂ ಮಗುವನ್ನು ನೋಡುವ ಕಣ್ಣು ಅಲ್ಲಿ ಇರುವುದಿಲ್ಲ ಎಂಬುದೇ ಮುಖ್ಯ ಸಂಗತಿ.

ಅಂಗನವಾಡಿಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಅಂಗನವಾಡಿಗಳು ಈ ಯೋಜನೆಯವು. 3ರಿಂದ 6 ವರ್ಷದ ಮಕ್ಕಳನ್ನು ಹಗಲು ಅಲ್ಲಿ ಇರಿಸಿಕೊಂಡು ಆಟ, ಪಾಠ, ಊಟ ಒದಗಿಸುತ್ತಾರೆ. 2013ರಿಂದ ಕ್ಷೀರಭಾಗ್ಯದ ಹಾಲೂ ಸೇರಿದೆ. ಶುಲ್ಕವಿಲ್ಲ. 6 ತಿಂಗಳಿನಿಂದ 6 ವರ್ಷದ ಮಕ್ಕಳಿಗೆ ಅಂಗನವಾಡಿಯ ಮೂಲಕ ಆಹಾರ ಕೊಡಬೇಕೆಂಬುದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಿಂದ ಹಕ್ಕೇ ಆಗಿದೆ. ಆದುದರಿಂದ ತೋಟದ ಮಾಲೀಕರ ಮಕ್ಕಳು ಅಲ್ಲಿಗೆ ಹೋಗಬಾರದೆಂಬ ಸಂಕೋಚ ಬೇಡ.

ಒಂದು ತಪ್ಪು ತಿಳಿವಳಿಕೆ ಮಾತ್ರ ಇರಬಾರದು. 3 ವರ್ಷದೊಳಗಿನ ಕೂಸುಗಳಿಗೆ ಅಂಗನವಾಡಿಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರ, ತೂಕದ ತಪಾಸಣೆ ಸಿಗುತ್ತವೆಯೇ ಹೊರತು, ದಿನವಿಡೀ ಅವನ್ನು ನೋಡಿಕೊಳ್ಳುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಎಳೆಯ ಮಕ್ಕಳಿಗೆಂದು ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ"ಗಳನ್ನು ಆರಂಭಿಸಿತು. ನಿಮ್ಮ ಪಂಚಾಯಿತಿಯಲ್ಲಿ ಅದು ನಡೆಯುತ್ತಿದೆಯೇ, ಜಾಗವಿದೆಯೇ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ವಿಚಾರಿಸಿರಿ. 6 ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಊರಿನವರು ಅದನ್ನು ಕೇಳಿ ಪಡೆಯಬಹುದೆಂದು ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲಿ ಆದೇಶಿಸಿದೆ. ಅರ್ಜಿಯನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಕೊಡತಕ್ಕದ್ದು.

ಸೇರಿಸುವ ಮುನ್ನ ನೋಡಬೇಕಾದುದು

ಅಂಗನವಾಡಿಯಾಗಲಿ, ಪಟ್ಟಣದ ಖಾಸಗಿ ಶಿಶುವಿಹಾರವಾಗಲಿ, ಮಗುವನ್ನು ಬಿಡುವ ಮುನ್ನ ಒಮ್ಮೆ ಕೆಲಸದ ಹೊತ್ತಿನಲ್ಲೇ ಹೋಗಿ ಅರ್ಧ ಗಂಟೆ ಕುಳಿತು ನೋಡಿರಿ. ಕಟ್ಟಡದ ಬಣ್ಣ, ಗೋಡೆಯ ಚಿತ್ರಗಳಿಗಿಂತ ಈ ಕೆಳಗಿನವು ಮುಖ್ಯ.

1. ಎಷ್ಟು ಮಕ್ಕಳನ್ನು ಎಷ್ಟು ಮಂದಿ ನೋಡಿಕೊಳ್ಳುತ್ತಾರೆ? ಕಾರ್ಯಕರ್ತೆ ಸಭೆಗೆ ಹೋದ ದಿನ ಯಾರಿರುತ್ತಾರೆ?

2. ಬಾಗಿಲಿಗೆ ಚಿಲಕ, ಅಂಗಳಕ್ಕೆ ಬೇಲಿ ಅಥವಾ ಗೋಡೆ ಇದೆಯೆ? ಹತ್ತಿರ ತೆರೆದ ಬಾವಿ, ಸಂಪು, ರಸ್ತೆ ಇದೆಯೆ?

3. ಕುಡಿಯುವ ನೀರನ್ನು ಎಲ್ಲಿಂದ ತರುತ್ತಾರೆ? ಶೌಚಾಲಯದಲ್ಲಿ ನೀರಿದೆಯೆ? ಊಟಕ್ಕೆ ಮುನ್ನ ಮಕ್ಕಳ ಕೈ ತೊಳೆಸುತ್ತಾರೆಯೆ?

4. ಅಡಿಗೆಯ ಒಲೆ ಮಕ್ಕಳ ಕೈಗೆ ಎಟುಕದಂತೆ ಬೇರೆ ಇದೆಯೆ?

5. ಅಳುವ ಮಗುವಿನೊಡನೆ ಹೇಗೆ ನಡೆದುಕೊಳ್ಳುತ್ತಾರೆ? ಬೆತ್ತ ಕಂಡರೆ ಆ ಜಾಗ ಬೇಡ.

6. ವ್ಯಾನಿನಲ್ಲಿ ಕಳುಹಿಸುವುದಾದರೆ ಎಷ್ಟು ಮಕ್ಕಳನ್ನು ತುಂಬುತ್ತಾರೆ? ಚಾಲಕನಲ್ಲದೆ ಇನ್ನೊಬ್ಬರು ಇರುತ್ತಾರೆಯೆ?

3 ವರ್ಷದ ಮಗುವನ್ನು ಬರೆಯಲು, ಒಪ್ಪಿಸಲು ಕೂಡಿಸುವ ಶಾಲೆಗಿಂತ ಮರಳು, ಬೀಜ, ಹಾಡು, ಕಥೆಗಳಲ್ಲಿ ತೊಡಗಿಸುವ ಅಂಗನವಾಡಿಯೇ ಮೇಲು. ಇಂಗ್ಲಿಷ್ ಪದ್ಯ ಒಪ್ಪಿಸಿತೆಂದ ಮಾತ್ರಕ್ಕೆ ಮಗು ಕಲಿತಂತಾಗಲಿಲ್ಲ.

ಕಾಗದಪತ್ರ

ತಾಯಿ ಕಾರ್ಡು, ಜನನ ಪತ್ರ, ತಾಯಿಯ ಆಧಾರ್ ಒಯ್ಯಿರಿ. ಮಗುವಿಗೆ ಆಧಾರ್ ಆಗಿಲ್ಲವಾದರೆ ತಾಯಿಯ ಆಧಾರ್ ಮೇಲೆಯೇ ದಾಖಲಿಸಬಹುದು. ತಾಯಿ ಕಾರ್ಡಿನಲ್ಲಿ ಚುಚ್ಚುಮದ್ದುಗಳನ್ನು ಸರಿನೋಡಿರಿ. ದಡಾರ-ರುಬೆಲ್ಲಾ ಲಸಿಕೆ 9ರಿಂದ 12 ತಿಂಗಳಲ್ಲಿ ಒಮ್ಮೆ, 16ರಿಂದ 24 ತಿಂಗಳಲ್ಲಿ ಮತ್ತೊಮ್ಮೆ ಆಗಿರಬೇಕು. ಹತ್ತಾರು ಮಕ್ಕಳು ಸೇರುವೆಡೆ ಒಂದು ಮಗುವಿನ ದಡಾರ ಎಲ್ಲರಿಗೂ ಹರಡುತ್ತದೆ. ತಪ್ಪಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿರಿ.

ಮಗುವನ್ನು ರೂಢಿಸುವ ಬಗೆ

ಕಾಫಿ ಸಸಿಯನ್ನು ಪಾತಿಯ ನೆರಳಿನಿಂದ ಒಂದೇ ದಿನಕ್ಕೆ ಬಿಸಿಲಿಗೆ ಇಡುವುದಿಲ್ಲ. ಚಪ್ಪರವನ್ನು ಸ್ವಲ್ಪ ಸ್ವಲ್ಪವಾಗಿ ತೆಳುವು ಮಾಡುತ್ತೇವೆ. ಮಗುವಿಗೂ ಹಾಗೆಯೇ. ಮೊದಲ ಎರಡು ಮೂರು ದಿನ ತಾಯಿಯೋ ಅಜ್ಜಿಯೋ ಜೊತೆಯಲ್ಲಿ ಕುಳಿತಿರಲಿ. ಆಮೇಲೆ ಒಂದು ಗಂಟೆ, ನಂತರ ಊಟದವರೆಗೆ, ಕೊನೆಗೆ ಇಡೀ ದಿನ. ಹೇಳದೆ ಕಣ್ಣುತಪ್ಪಿಸಿ ಬರಬೇಡಿ. "ಊಟವಾದ ಮೇಲೆ ಬರುತ್ತೇನೆ" ಎಂದು ಹೇಳಿ, ಹೇಳಿದ ಹೊತ್ತಿಗೆ ಬನ್ನಿರಿ. ಇದಕ್ಕೆ ಎರಡು ವಾರವಾದರೂ ಬೇಕು. ಆದುದರಿಂದ ಅಕ್ಟೋಬರ್ ತಿಂಗಳಲ್ಲೇ ಸೇರಿಸುವುದು ಒಳ್ಳೆಯದು. ಕುಯ್ಲು ಶುರುವಾದ ದಿನವೇ ಬಿಟ್ಟು ಬಂದರೆ ಮಗು ಅಳುತ್ತದೆ, ತಾಯಿಗೂ ಕೆಲಸ ಸಾಗದು.

ಉಳಿಯುವ ಹೊತ್ತು

ಅಂಗನವಾಡಿ ಸಾಮಾನ್ಯವಾಗಿ 9.30ಕ್ಕೆ ತೆರೆದು ಸಂಜೆ 4ಕ್ಕೆ ಮುಗಿಯುತ್ತದೆ. ತೋಟದ ಕೆಲಸ ಅದಕ್ಕೆ ಮೊದಲೇ ಆರಂಭವಾಗಿ, ಹಣ್ಣು ತೂಗಿ ಚೀಲ ಕಟ್ಟುವವರೆಗೂ ನಡೆಯುತ್ತದೆ. ಈ ಎರಡು ತುದಿಗಳಲ್ಲೂ ಭಾನುವಾರದಲ್ಲೂ ಮಗು ಯಾರ ಕಣ್ಣಿನಲ್ಲಿರುತ್ತದೆಂದು ಮೊದಲೇ ಗೊತ್ತುಮಾಡಿರಿ. ನೆರೆಹೊರೆಯ ಮೂರು ನಾಲ್ಕು ಮನೆಯವರು ಸರದಿಯಂತೆ ಒಬ್ಬರು ಮಕ್ಕಳೊಡನೆ ಉಳಿಯುವುದು ಸುಲಭದ ಏರ್ಪಾಡು. ಮುಯ್ಯಾಳು ಪದ್ಧತಿ ನಮಗೆ ಹೊಸದೇನಲ್ಲ. ಆರೇಳು ವರ್ಷದ ಅಕ್ಕನನ್ನು ಶಾಲೆ ಬಿಡಿಸಿ ತಮ್ಮನನ್ನು ಕಾಯಲು ನಿಲ್ಲಿಸುವುದು ಮಾತ್ರ ಏರ್ಪಾಡಲ್ಲ. ಅದರಿಂದ ಇಬ್ಬರು ಮಕ್ಕಳೂ ನಷ್ಟಪಡುತ್ತಾರೆ. ಆನೆ ಓಡಾಡುವ ದಾರಿಯಲ್ಲಿ ಅರಣ್ಯ ಇಲಾಖೆಯ ಸೂಚನೆ ಕೇಳಿ, ದೊಡ್ಡವರೇ ಕರೆದೊಯ್ದು ಕರೆತರಬೇಕು. ಮಗುವನ್ನು ಯಾರ ಕೈಗೆ ಒಪ್ಪಿಸಬಹುದೆಂದು ಕಾರ್ಯಕರ್ತೆಗೆ ಹೆಸರು ಹೇಳಿ ಬರೆಸಿರಿ.

ಕೆಲಸಕ್ಕೆ ಬಂದವರ ಮಕ್ಕಳು

1951ರ ತೋಟ ಕಾರ್ಮಿಕರ ಕಾಯಿದೆ 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ಎಸ್ಟೇಟುಗಳಲ್ಲಿ ಶಿಶುಪಾಲನಾ ಗೃಹವನ್ನು ಕಡ್ಡಾಯ ಮಾಡಿತ್ತು. 1981ರ ತಿದ್ದುಪಡಿಯ ನಂತರ ಅವರ ಮಕ್ಕಳು 20 ಅಥವಾ ಹೆಚ್ಚು ಇದ್ದಲ್ಲಿಯೂ. ಆ ಕಾಯಿದೆಯ ಸ್ಥಾನದಲ್ಲಿ ಈಗ 2020ರ ಕಾರ್ಮಿಕ ಸಂಹಿತೆ ಬಂದಿದೆ. ನಮ್ಮಂಥ ಸಣ್ಣ ತೋಟಗಳಲ್ಲಿ ಅಷ್ಟು ಆಳುಗಳಿರುವುದಿಲ್ಲ. ಕಾಯಿದೆ ಕೇಳದಿದ್ದರೂ ಹೊಂಡದ ನೀರು ಯಾರ ಮಗುವೆಂದು ನೋಡುವುದಿಲ್ಲ. ಬೇರೆ ಊರಿನಿಂದ ಕುಯ್ಲಿಗೆ ಬಂದವರ ಮಕ್ಕಳಿಗೂ ಅಂಗನವಾಡಿಯಲ್ಲಿ ಜಾಗವಿದೆ. ಅವರಿಗೆ ಭಾಷೆ, ದಾರಿ, ಕಾರ್ಯಕರ್ತೆಯ ಪರಿಚಯ ಇರುವುದಿಲ್ಲ. ಬಂದ ಮೊದಲ ದಿನವೇ ಒಂದು ಗಂಟೆ ಬಿಡುವು ಮಾಡಿಕೊಂಡು ತಾಯಿ ಮಗುವನ್ನು ಅಲ್ಲಿಗೆ ಕರೆದೊಯ್ದು ಹೆಸರು ಬರೆಸುವುದು ತೋಟದವರ ಕರ್ತವ್ಯ.

ಅಂಗನವಾಡಿಯಲ್ಲಿ ಲೋಪ ಕಂಡರೆ ಮೊದಲು ಕಾರ್ಯಕರ್ತೆಗೆ, ಬಳಿಕ ಬಾಲವಿಕಾಸ ಸಮಿತಿಗೆ, ಆಮೇಲೆ ಮೇಲ್ವಿಚಾರಕಿಗೆ ತಿಳಿಸಿರಿ. ಆ ಸಮಿತಿಯಲ್ಲಿ ತಾಯಂದಿರಿಗೂ ಸ್ಥಾನವಿದೆ. ಬೆಳೆಗಾರ ಮನೆಗಳ ಹೆಣ್ಣುಮಕ್ಕಳು ಅದರಲ್ಲಿ ಭಾಗವಹಿಸಬೇಕು. ಮಕ್ಕಳಿಗೆ ಹಿಂಸೆ ಅಥವಾ ಅಪಾಯ ಕಂಡಲ್ಲಿ 1098ಕ್ಕೆ ಫೋನ್ ಮಾಡಬಹುದು.

ಈ ಸಲ ಕುಯ್ಲಿನ ಸಿದ್ಧತೆಯ ಪಟ್ಟಿ ಬರೆಯುವಾಗ ಚೀಲ, ಹಗ್ಗ, ಟಾರ್ಪಾಲುಗಳಿಗಿಂತ ಮೇಲೆ ಮಗುವಿನ ಹೆಸರನ್ನು ಬರೆಯಿರಿ. ಅದರ ಮುಂದೆ ಹಗಲು ನೋಡಿಕೊಳ್ಳುವವರ ಹೆಸರು ತುಂಬಿದ ಮೇಲೆಯೇ ಉಳಿದ ಸಾಮಾನಿನ ಲೆಕ್ಕ ಹಾಕಿರಿ.