ಹೊಸ್ತಿಲ ಕಾವಲು

ಪ್ರಶ್ನೆ: ರೋಮನರ ಮನೆಗಳನ್ನು ಕಾಯುತ್ತಿದ್ದ ಕಿರುದೇವತೆಗಳು ಯಾರು?

ಉತ್ತರ: ಜೂಪಿಟರನಂಥ ಮಹಾದೇವತೆಗಳು ರಾಜ್ಯದ ಯೋಗಕ್ಷೇಮವನ್ನು ವಹಿಸಿಕೊಂಡಿದ್ದರೆ, ಗೃಹಸ್ಥನ ನಿತ್ಯಜೀವನವನ್ನು ಕಾಯುತ್ತಿದ್ದವರು ಮನೆಯ ಲಾರೆಸ್, ಉಗ್ರಾಣದ ಪೆನಾಟೆಸ್ ಮುಂತಾದವರು. ಪಾಂಪೇಯಿಯ ಮನೆಗಳಲ್ಲಿ ಲಾರೆಸರ ಪುಟ್ಟ ಗುಡಿಗಳು ಇಂದಿಗೂ ಉಳಿದಿವೆ. ಆದರೆ ನನ್ನ ಮನಸ್ಸನ್ನು ಬಹುವಾಗಿ ಸೆಳೆದವರು ಬಾಣಂತಿಯನ್ನು ಕಾಯುವ ಮೂವರು ದೇವತೆಗಳು. ವನದೇವನಾದ ಸಿಲ್ವಾನಸನು ಎಲ್ಲೆಗಳನ್ನೂ ಮಂದೆಯನ್ನೂ ರಕ್ಷಿಸುವವನಾದರೂ, ಇರುಳಿನಲ್ಲಿ ಮನೆಯನ್ನು ಹೊಕ್ಕು ಬಾಣಂತಿಯನ್ನು ಪೀಡಿಸುವನೆಂಬ ಭಯವಿದ್ದುದರಿಂದ, ಮೂವರು ಪುರುಷರು ಮನೆಯ ಸುತ್ತ ನಡೆದು, ಹೊಸ್ತಿಲನ್ನು ಮೊದಲು ಕೊಡಲಿಯಿಂದಲೂ ಬಳಿಕ ಒನಕೆಯಿಂದಲೂ ತಾಡಿಸಿ, ಕಡೆಗೆ ಪೊರಕೆಯಿಂದ ಗುಡಿಸುತ್ತಿದ್ದರೆಂಬ ವಾರೋ ಪಂಡಿತನ ವಿವರಣೆಯನ್ನು ಸಂತ ಆಗಸ್ಟೀನನು ಉಳಿಸಿಕೊಟ್ಟಿದ್ದಾನೆ. ಇಂಟರ್ಸಿಡೋನಾ, ಪಿಲುಮ್ನಸ್, ಡೆವೆರ್ರಾ ಎಂಬುವರು ಕ್ರಮವಾಗಿ ಆ ಸಾಧನಗಳ ಅಧಿದೇವತೆಗಳು. ಮರವನ್ನು ಕಡಿದು, ಧಾನ್ಯವನ್ನು ಕುಟ್ಟಿ, ಗುಡಿಸಿ ರಾಶಿಮಾಡುವ ಕೃಷಿಜೀವನದ ಈ ಲಾಂಛನಗಳಿದ್ದಲ್ಲಿ ಅರಣ್ಯದ ದೇವತೆಗೆ ಪ್ರವೇಶವಿಲ್ಲವೆಂಬುದು ರೋಮನರ ದೃಢವಾದ ನಂಬಿಕೆಯಾಗಿತ್ತು.