ಕೈಗೆಟುಕುವ ನಾದ

ಸಾವಿರಾರು ಶಬ್ದಗಳನ್ನು ಹೊತ್ತ ಸಾಫ್ಟ್‌ವೇರ್ ಸಿಂಥಸೈಜರ್ ಎದುರು ಗಂಟೆಗಟ್ಟಲೆ ಕೂತು, ಒಂದು ಸಾಲೂ ಹುಟ್ಟದೆ ಎದ್ದುಹೋಗುವವರಿದ್ದಾರೆ. ಪುಕ್ಕಟೆ ಸಿಗುವ ಪುಟ್ಟ ಸಿಂಥ್‌ನಲ್ಲಿ ಇಡೀ ಹಾಡನ್ನೇ ಕಂಡುಕೊಂಡವರೂ ಇದ್ದಾರೆ. ವ್ಯತ್ಯಾಸ ಎಲ್ಲಿದೆ?

ಯಮಹಾ ಕಂಪನಿ 1983ರಲ್ಲಿ ಡಿಎಕ್ಸ್7 ಎಂಬ ಕೀಬೋರ್ಡನ್ನು ಹೊರತಂದಿತು. ಗಾಜಿನ ಹೊಳಪಿನ ಅದರ ಎಲೆಕ್ಟ್ರಿಕ್ ಪಿಯಾನೊ, ಕಡಕ್ ಬೇಸ್, ಲೋಹದ ಗಂಟೆನಾದ ಆ ದಶಕದ ಪಾಪ್ ಸಂಗೀತದ ತುಂಬ ಹರಡಿಕೊಂಡವು. ಲಕ್ಷಕ್ಕೂ ಹೆಚ್ಚು ಕೀಬೋರ್ಡ್‌ಗಳು ಖರ್ಚಾದವು. ಆದರೆ ಕೊಂಡವರಲ್ಲಿ ಬಹುಪಾಲು ಜನ ಅದರಲ್ಲಿ ತಮ್ಮದೇ ಒಂದು ಶಬ್ದ ಕಟ್ಟುವ ಗೋಜಿಗೆ ಹೋಗಲಿಲ್ಲ.

ಅದರೊಳಗಿನ ವಿದ್ಯೆಯೇನೂ ಸಣ್ಣದಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ಎಫ್‌ಎಂ ಸಿಂಥಸಿಸ್ ಅದು: ಒಂದು ಅಲೆಯ ಕಂಪನಾಂಕವನ್ನು ಇನ್ನೊಂದು ಅಲೆ ಬಿರುಸಾಗಿ ಅಲುಗಿಸಿದರೆ, ಎರಡೇ ಸರಳ ಅಲೆಗಳಿಂದ ಹತ್ತಾರು ಹೊಸ ಉಪಸ್ವರಗಳು ಹುಟ್ಟುತ್ತವೆ. ಡಿಎಕ್ಸ್7ನಲ್ಲಿ ಅಂಥ ಅಲೆ ಹುಟ್ಟಿಸುವ ಆರು ಘಟಕಗಳಿದ್ದವು, ಹೆಸರು ‘ಆಪರೇಟರ್’. ಅವನ್ನು ಒಂದಕ್ಕೊಂದು ಜೋಡಿಸಲು 32 ಬಗೆಗಳಿದ್ದವು. ಇಷ್ಟೆಲ್ಲವನ್ನೂ ತಿದ್ದಲು ಕೊಟ್ಟದ್ದು ಮಾತ್ರ ಎರಡು ಸಾಲಿನ ಪುಟ್ಟ ಪರದೆ, ಒತ್ತುಗುಂಡಿಗಳ ಸಾಲು ಮತ್ತು ಅಂಕಿ ಏರಿಸಿಳಿಸುವ ಒಂದು ಸ್ಲೈಡರ್. ಸಂಗೀತಗಾರ ಬ್ರಯಾನ್ ಈನೊ ಅವರಂಥ ಕೆಲವರು ಹಟ ಹಿಡಿದು ಒಳಹೊಕ್ಕರು. ಉಳಿದವರು ಕಂಪನಿ ತುಂಬಿಕೊಟ್ಟದ್ದರಲ್ಲೇ ತೃಪ್ತರಾದರು.

ಬರ್ಲಿನ್ನಿನ ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 2006ರಲ್ಲಿ ಎಫ್‌ಎಂ8 ಎಂಬ ಸಾಫ್ಟ್‌ವೇರ್ ಸಿಂಥ್ ತಂದಾಗ, ಒಳಗಿನ ಗಣಿತ ಹೆಚ್ಚುಕಡಿಮೆ ಅದೇ ಆಗಿತ್ತು. ಬದಲಾದದ್ದು ಮುಖ. ಯಾವ ಆಪರೇಟರ್ ಯಾವುದನ್ನು ಎಷ್ಟು ಅಲುಗಿಸುತ್ತಿದೆ ಎಂಬುದು ಒಂದು ಚೌಕಳಿಯಲ್ಲಿ ಕಣ್ಣೆದುರೇ ಇತ್ತು. ಮೌಸ್‌ನಿಂದ ಒಂದು ಅಂಕಿಯನ್ನು ಮೇಲಕ್ಕೆಳೆದರೆ ಗಂಟೆನಾದ ಗರ್ಜನೆಗೆ ತಿರುಗುತ್ತಿತ್ತು. ಪಿಯಾನೊ ಶಬ್ದಕ್ಕೆ ಹೆಸರಾಗಿದ್ದ ಎಫ್‌ಎಂ ಮುಂದಿನ ಕೆಲವೇ ವರ್ಷಗಳಲ್ಲಿ ಡಬ್‌ಸ್ಟೆಪ್ ಎಂಬ ನೃತ್ಯಸಂಗೀತದ ಹುಡುಗರ ಕೈಯಲ್ಲಿ ಗುರುಗುಟ್ಟತೊಡಗಿತು.

ಸಿಂಥಸೈಜರ್ ಹುರುಪು ಹುಟ್ಟಿಸುವ ಗುಟ್ಟು ಇಲ್ಲಿದೆ. ‘ಇದನ್ನು ಹೀಗೆ ಮಾಡಿದರೆ ಏನಾದೀತು?’ ಎಂದು ಮನಸ್ಸು ಕೇಳಿದ ಮೇಲೆ ಉತ್ತರ ಕಿವಿಗೆ ಬೀಳಲು ಎಷ್ಟು ಹೊತ್ತು ಬೇಕು? ಆ ಹೊತ್ತು ಕಮ್ಮಿಯಾದಷ್ಟೂ ಮುಂದಿನ ಪ್ರಶ್ನೆ ಬೇಗ ಹುಟ್ಟುತ್ತದೆ. ಹಾಡು ಕಟ್ಟುವುದೆಂದರೆ ಇಂಥ ಪ್ರಶ್ನೆಗಳನ್ನು ಒಂದರ ಹಿಂದೊಂದು ಕೇಳುತ್ತ ಹೋಗುವುದೇ.

ಪೆಟ್ಟಿಗೆಯಿಂದ ಪರದೆಗೆ

ಕಂಪ್ಯೂಟರ್ ಸಂಗೀತದ ಕಥೆಯಲ್ಲಿ 1957 ಒಂದು ಮೈಲಿಗಲ್ಲು. ಬೆಲ್ ಲ್ಯಾಬ್ಸ್‌ನ ಮ್ಯಾಕ್ಸ್ ಮ್ಯಾಥ್ಯೂಸ್ ಬರೆದ ಪ್ರೋಗ್ರಾಮ್ ಐಬಿಎಂ 704 ಯಂತ್ರದಲ್ಲಿ ಹದಿನೇಳು ಸೆಕೆಂಡುಗಳ ಒಂದು ರಚನೆಯನ್ನು ಹೊರಡಿಸಿತು. ಆದರೆ ಅಂದಿನ ಕಂಪ್ಯೂಟರಿಗೆ ಸೂಚನೆ ಕೊಟ್ಟು ಶಬ್ದಕ್ಕಾಗಿ ಕಾಯಬೇಕಿತ್ತು. ನುಡಿಸಿದ ಕೂಡಲೇ ಕೇಳುವ ಸುಖ ಮನೆಯ ಕಂಪ್ಯೂಟರಿನಲ್ಲಿ ಎಲ್ಲರಿಗೂ ಸಿಗಲು ಇನ್ನೂ ದಶಕಗಳೇ ಬೇಕಾದವು. ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ಸಂಗೀತ ಸಾಫ್ಟ್‌ವೇರ್ ಒಳಗೆ ಸೇರಿಕೊಳ್ಳುವ ವಿಎಸ್‌ಟಿ ಪ್ಲಗಿನ್‌ಗಳನ್ನು ತಂದಿತು. 1999ರಲ್ಲಿ ಅದರ ಎರಡನೇ ಆವೃತ್ತಿ ವಾದ್ಯಗಳಿಗೂ ಬಾಗಿಲು ತೆರೆಯಿತು. ಕೋಣೆ ತುಂಬುತ್ತಿದ್ದ ಯಂತ್ರಗಳು ಲ್ಯಾಪ್‌ಟಾಪಿನೊಳಗೆ ಸೇರಿಕೊಂಡವು.

ಈ ಪಯಣದ ಮೊದಲ ದಿನಗಳಲ್ಲಿ ಜನರನ್ನು ಮರುಳು ಮಾಡಿದ ಸಾಫ್ಟ್‌ವೇರ್‌ಗಳಲ್ಲೊಂದು ಸ್ವೀಡನ್ನಿನ ಪ್ರೊಪೆಲರ್‌ಹೆಡ್ ಕಂಪನಿಯ ರಿಬರ್ತ್. ಅದು ರೋಲ್ಯಾಂಡ್ ಟಿಬಿ-303 ಎಂಬ ಹಳೆಯ ಬೇಸ್ ಯಂತ್ರವನ್ನೂ ಟಿಆರ್-808 ಡ್ರಮ್ ಯಂತ್ರವನ್ನೂ ಪರದೆಯ ಮೇಲೆ ತಂದಿಟ್ಟಿತು. ಟಿಬಿ-303 ಹುಟ್ಟಿದ್ದು ಬೇಸ್ ಗಿಟಾರ್ ನುಡಿಸುವವನ ಬದಲಿಗೆಂದು; ಆ ಕೆಲಸದಲ್ಲಿ ಅದು ಸೋತಿತು. ಆದರೆ ಅದರ ಮೈಮೇಲೆ ಫಿಲ್ಟರ್ ನಾಬ್‌ಗಳು ಬರಿಗೈಗೆ ಸಿಗುವಂತಿದ್ದವು, ಸ್ವರದಿಂದ ಸ್ವರಕ್ಕೆ ಜಾರುವ ಸ್ಲೈಡ್ ಇತ್ತು. 1987ರ ಹೊತ್ತಿಗೆ ಶಿಕಾಗೊದ ಹುಡುಗರು ಅದನ್ನೇ ತಿರುವಿ ತಿರುವಿ ಆಸಿಡ್ ಹೌಸ್ ಎಂಬ ಹೊಸ ಸಂಗೀತವನ್ನೇ ಹುಟ್ಟಿಸಿದರು.

ಅದಕ್ಕೂ ಐದು ವರ್ಷ ಮೊದಲೇ, 1982ರಲ್ಲಿ, ಮುಂಬಯಿಯ ಸಿನಿಮಾ ಸಂಗೀತಗಾರ ಚರಣಜಿತ್ ಸಿಂಗ್ ಟಿಬಿ-303, ಟಿಆರ್-808 ಮತ್ತು ಜುಪಿಟರ್-8 ಸಿಂಥ್ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳದ ಮೇಲೆ ನುಡಿಸಿ ಒಂದು ಎಲ್‌ಪಿ ತಂದಿದ್ದರು. ಅಂದು ಹೆಚ್ಚು ಜನ ಕೇಳಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಲೋಕ ಬೆರಗಾಯಿತು. ಶಿಕಾಗೊಗೂ ಮುಂಬಯಿಗೂ ಸಂಬಂಧವಿರಲಿಲ್ಲ. ಎರಡೂ ಕಡೆ ಇದ್ದದ್ದು ಅದೇ ಸಣ್ಣ ಯಂತ್ರ, ಅದರ ಅವೇ ಕೆಲವು ನಾಬ್‌ಗಳು. ಮಾಡಬಹುದಾದದ್ದು ಕಮ್ಮಿ ಇದ್ದಾಗ ಅಷ್ಟನ್ನೂ ಮಾಡಿಯೇ ನೋಡುತ್ತೇವೆ.

ಕಣ್ಣಿಗೆ ಬಿದ್ದ ಶಬ್ದ

ಪರದೆಗೆ ಬಂದ ಸಿಂಥ್‌ಗಳು ಮೊದಮೊದಲು ಹಳೆಯ ಯಂತ್ರಗಳ ಚಿತ್ರವನ್ನೇ ಬಿಡಿಸಿಟ್ಟವು: ಮರದ ಅಂಚು, ಹೊಳೆಯುವ ಸ್ಕ್ರೂ, ಮೌಸ್‌ಗೆ ಒಗ್ಗದ ದುಂಡು ನಾಬ್. ನಿಜವಾದ ಬದಲಾವಣೆ ಬಂದದ್ದು ಪರದೆಯಿಂದಷ್ಟೇ ಆಗುವ ಕೆಲಸವನ್ನು ಪರದೆಗೆ ಒಪ್ಪಿಸಿದಾಗ. ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನದೇ ಮ್ಯಾಸಿವ್‌ನಲ್ಲಿ, ನಾಬನ್ನು ತಾನಾಗಿಯೇ ಏರಿಳಿಸುವ ನಿಧಾನದ ಅಲೆಯಾದ ಎಲ್‌ಎಫ್‌ಒ ಒಂದನ್ನು ಹಿಡಿದೆಳೆದು ಬೇಕಾದ ನಾಬ್ ಮೇಲೆ ಬಿಟ್ಟರಾಯಿತು. ಆ ನಾಬ್ ಸುತ್ತ ಬಣ್ಣದ ಉಂಗುರ ಮೂಡಿ, ಚಲನೆ ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸುತ್ತದೆ.

ಸ್ಟೀವ್ ಡುಡಾ 2014ರಲ್ಲಿ ಹೊರತಂದ ಸೀರಮ್ ಇದನ್ನು ಇನ್ನೂ ಮುಂದಕ್ಕೊಯ್ದಿತು. ಅದು ವೇವ್‌ಟೇಬಲ್ ಸಿಂಥ್. ಒಂದು ವೇವ್‌ಟೇಬಲ್‌ನಲ್ಲಿ 256ರವರೆಗೆ ಅಲೆಯ ಆಕಾರಗಳಿರಬಹುದು. ಶಬ್ದ ಒಂದು ಆಕಾರದಿಂದ ಇನ್ನೊಂದಕ್ಕೆ ಹರಿಯುತ್ತ ಬಣ್ಣ ಬದಲಿಸುತ್ತದೆ. ಈ ತತ್ವ ಹೊಸದಲ್ಲ, ಜರ್ಮನಿಯ ವುಲ್ಫ್‌ಗಾಂಗ್ ಪಾಮ್ ಅವರ ಪಿಪಿಜಿ ಯಂತ್ರಗಳಲ್ಲಿ ಮೊದಲೇ ಇತ್ತು. ಸೀರಮ್ ಮಾಡಿದ್ದು, ಆ ಹರಿವನ್ನು ನುಡಿಸುತ್ತಿರುವಾಗಲೇ ತೋರಿಸಿದ್ದು, ಅಲೆಯನ್ನು ಬೇಕಾದಂತೆ ಗೀಚಿ ತಿದ್ದಲು ಬಿಟ್ಟದ್ದು. ಸಿಂಥಸಿಸ್ ಎಂದರೇನೆಂದು ಪುಸ್ತಕದಲ್ಲಿ ಓದಿ ತಿಳಿಯದವರಿಗೆ ಇಲ್ಲಿ ಒಂದು ಸಂಜೆಯಲ್ಲಿ ತಿಳಿಯಿತು.

ಇದರಲ್ಲಿ ಒಂದು ಅಪಾಯವೂ ಇದೆ. ಚಿತ್ರ ಚೆನ್ನಾಗಿ ಕುಣಿಯುತ್ತಿದ್ದರೆ ಶಬ್ದವೂ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಆಗಾಗ ಕಣ್ಣು ಮುಚ್ಚಿ ನಾಬ್ ತಿರುಗಿಸುವ ಅಭ್ಯಾಸ ಒಳ್ಳೆಯದು.

ಅಂಕುಡೊಂಕಿನ ಸೊಗಸು

ಕಂಪ್ಯೂಟರಿನ ಅಲೆ ಅಚ್ಚುಕಟ್ಟು. 440 ಹರ್ಟ್ಸ್ ಎಂದರೆ 440, ಇವತ್ತೂ ನಾಳೆಯೂ. 1970ರ ಮಿನಿಮೂಗ್ ಸಿಂಥ್‌ನಲ್ಲಿ ಅಲೆ ಹುಟ್ಟಿಸುವ ಆಸಿಲೇಟರ್‌ಗಳು ಹಾಗಲ್ಲ. ಕಾವೇರಿದಂತೆ ಸ್ವಲ್ಪ ಸರಿಯುತ್ತವೆ, ಒಂದರ ಜೊತೆ ಇನ್ನೊಂದು ಪೂರ್ತಿ ಹೊಂದುವುದಿಲ್ಲ. 440ರ ಪಕ್ಕದಲ್ಲಿ 441 ನುಡಿದರೆ ಸೆಕೆಂಡಿಗೆ ಒಂದು ಸಲ ನಾದ ಉಬ್ಬಿ ಇಳಿಯುತ್ತದೆ. ಕಿವಿಗೆ ಅದು ಉಸಿರಾಟ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ನೂಲೆಳೆಯನ್ನು ಕೂದಲಷ್ಟು ಸರಿಸಿದಾಗ ನಾದ ಅರಳುವುದನ್ನು ಕೇಳಿದವರಿಗೆ, ಇಷ್ಟು ಸಣ್ಣ ವ್ಯತ್ಯಾಸ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ.

ಒಳ್ಳೆಯ ಸಾಫ್ಟ್‌ವೇರ್ ಸಿಂಥ್‌ಗಳು ಈ ಏರುಪೇರನ್ನು ಬೇಕೆಂದೇ ಒಳಗಿಡುತ್ತವೆ. ಉರ್ಸ್ ಹೆಕ್‌ಮನ್ ಕಟ್ಟಿದ ಬರ್ಲಿನ್ನಿನ ಯು-ಹೀ ಕಂಪನಿ 2011ರಲ್ಲಿ ತಂದ ಡಿವಾ ಇದಕ್ಕೆ ಹೆಸರಾಯಿತು. ಹಳೆಯ ಫಿಲ್ಟರ್ ಸರ್ಕ್ಯೂಟ್‌ನಲ್ಲಿ ಹೊರಬಂದ ಶಬ್ದ ಅದೇ ಕ್ಷಣ ಮತ್ತೆ ಒಳಹೋಗುತ್ತದೆ. ಕಂಪ್ಯೂಟರ್ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವುದರಿಂದ ಅಲ್ಲಿ ಒಂದು ಹೆಜ್ಜೆ ತಡವಾಗುತ್ತಿತ್ತು. ಡಿವಾ ಆ ತಡವನ್ನು ತೆಗೆದು, ಪ್ರತಿ ಹೆಜ್ಜೆಯಲ್ಲೂ ಇಡೀ ಸರ್ಕ್ಯೂಟ್‌ನ ಸಮೀಕರಣವನ್ನು ಬಿಡಿಸುತ್ತದೆ. ಇದಕ್ಕೆ ತೆರುವ ಬೆಲೆ ಪ್ರೊಸೆಸರ್‌ನದು: ‘ಡಿವೈನ್’ ಗುಣಮಟ್ಟಕ್ಕೆ ಇಟ್ಟರೆ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಅದನ್ನು ಬಲ್ಲವರು ಕೆಳಗಿನ ಗುಣಮಟ್ಟದಲ್ಲಿ ಹಾಡು ಕಟ್ಟಿ, ಕೊನೆಯಲ್ಲಿ ಮಾತ್ರ ಮೇಲಕ್ಕೇರಿಸುತ್ತಾರೆ.

ಬೆರಳಿಗೆ ಓಗೊಡುವುದು

ಡಿಎಕ್ಸ್7ನ ಪಿಯಾನೊ ಜನರಿಗೆ ಯಾಕೆ ಅಷ್ಟು ಹಿಡಿಸಿತು? ಮೆಲ್ಲಗೆ ಒತ್ತಿದರೆ ಮೆದು, ಜೋರಾಗಿ ಹೊಡೆದರೆ ಲೋಹದ ಕಿಡಿ. ಒತ್ತಡ ದನಿಯ ಮಟ್ಟವನ್ನಷ್ಟೇ ಏರಿಸದೆ ಅದರ ಬಣ್ಣವನ್ನೂ ಬದಲಿಸುತ್ತಿತ್ತು. ಯಮಹಾದ ಇನ್ನೊಂದು ದೈತ್ಯ, 1977ರ ಸಿಎಸ್-80, ಒತ್ತಿ ಹಿಡಿದ ಪ್ರತಿ ಕೀಲಿಯ ಭಾರವನ್ನೂ ಬೇರೆಬೇರೆಯಾಗಿ ಗ್ರಹಿಸುತ್ತಿತ್ತು. ‘ಬ್ಲೇಡ್ ರನ್ನರ್’ ಚಿತ್ರಕ್ಕೆ ವಾಂಗೆಲಿಸ್ ಕೊಟ್ಟ ಸಂಗೀತದಲ್ಲಿ ಸ್ವರಗಳು ಮಾತಾಡಿದಂತೆ ಬಾಗುವುದು ಆ ಯಂತ್ರದಿಂದ. ಪ್ರತಿ ಬೆರಳಿನ ಒತ್ತಡ, ಜಾರು, ಸರಿದಾಟವನ್ನು ಬಿಡಿಬಿಡಿಯಾಗಿ ಕಳಿಸುವ ಎಂಪಿಇ ಎಂಬ ಕ್ರಮ 2018ರಲ್ಲಿ, ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳುವ ಮಿಡಿ ಮಾನದಂಡದ ಭಾಗವಾಯಿತು; ಇಂದು ಅನೇಕ ಸಾಫ್ಟ್‌ವೇರ್ ಸಿಂಥ್‌ಗಳು ಅದನ್ನು ಅರ್ಥಮಾಡಿಕೊಳ್ಳುತ್ತವೆ. ಎ. ಆರ್. ರೆಹಮಾನ್ ನುಡಿಸುವ, ಕೀಲಿಗಳೇ ಇಲ್ಲದ ಕಂಟಿನ್ಯುಯಮ್ ಫಿಂಗರ್‌ಬೋರ್ಡ್ ಕೂಡ ಇದೇ ಆಸೆಯ ಕೂಸು.

ಬೆರಳಿಗೂ ಕಿವಿಗೂ ನಡುವೆ ಇನ್ನೊಂದು ಶತ್ರುವಿದೆ, ಲೇಟೆನ್ಸಿ. ಕಂಪ್ಯೂಟರ್ ಶಬ್ದವನ್ನು ತುಂಡು ತುಂಡಾಗಿ ಕಳಿಸುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳಿರುವಾಗ ಬಫರ್, ಅಂದರೆ ಒಂದು ತುಂಡಿನ ಗಾತ್ರ, 1,024 ಇದ್ದರೆ ಅದರಿಂದಲೇ ಸುಮಾರು 23 ಮಿಲಿಸೆಕೆಂಡ್ ತಡ. ಎಂಟು ಮೀಟರ್ ಆಚೆಯ ಸ್ಪೀಕರ್ ಕೇಳುತ್ತ ನುಡಿಸಿದಷ್ಟು. 128ಕ್ಕೆ ಇಳಿಸಿದರೆ ಮೂರು ಮಿಲಿಸೆಕೆಂಡ್, ಒಂದು ಮೀಟರ್. ‘ಈ ಸಿಂಥ್ ಯಾಕೋ ಕೈಗೆ ಕೂರುತ್ತಿಲ್ಲ’ ಎನ್ನುವವರಲ್ಲಿ ಎಷ್ಟೋ ಮಂದಿಗೆ ಬೇಕಿರುವುದು ಬೇರೆ ಸಿಂಥ್ ಅಲ್ಲ, ಈ ಒಂದು ಸೆಟ್ಟಿಂಗ್.

ಪ್ರಿಸೆಟ್ ಎಂಬ ಹೊಸ್ತಿಲು

ಕಟ್ಟಿದ ಶಬ್ದವನ್ನು ನೆನಪಿಟ್ಟುಕೊಳ್ಳುವ ಬಹುಸ್ವರ ಸಿಂಥ್ ಎಂದು 1978ರ ಪ್ರೊಫೆಟ್-5 ಮನೆಮಾತಾಯಿತು. ಅದರಲ್ಲಿ ಜಾಗವಿದ್ದದ್ದು 40 ಶಬ್ದಗಳಿಗೆ. ಎರಿಕ್ ಪರ್ಸಿಂಗ್ ಅವರ ಸ್ಪೆಕ್ಟ್ರಾಸಾನಿಕ್ಸ್ 2008ರಲ್ಲಿ ತಂದ ಆಮ್ನಿಸ್ಫಿಯರ್‌ನಲ್ಲಿ ಇಂದು 14,000ಕ್ಕೂ ಹೆಚ್ಚಿವೆ. ಪಿಯಾನೊಗೆ ಬೆಂಕಿಯಿಟ್ಟು ಉರಿಯುವಾಗ ನುಡಿಸಿ ಹಿಡಿದ ಶಬ್ದವೂ ಅದರೊಳಗಿದೆ. ಅಂಥ ಒಂದು ಶಬ್ದದ ಮೇಲೆ ಕೈಯಿಟ್ಟ ಕೂಡಲೇ ಒಂದು ದೃಶ್ಯ ಎದ್ದು ನಿಲ್ಲಬಹುದು. ಹಾಗೆಯೇ ಮುಂದಿನದು, ಅದರ ಮುಂದಿನದು ಎಂದು ಕೇಳುತ್ತ ರಾತ್ರಿ ಕಳೆದು, ಕಿವಿ ದಣಿದು, ಹಾಡು ಮಾತ್ರ ಇದ್ದಲ್ಲೇ ಇರಬಹುದು.

ಹೀಗೆ ಸಿದ್ಧವಾಗಿ ಸಿಗುವ ಶಬ್ದವನ್ನು, ಅಂದರೆ ಪ್ರಿಸೆಟ್ ಅನ್ನು, ಬಳಸುವುದು ಕಳ್ಳತನವಲ್ಲ. ಆದರೆ ಒಳ್ಳೆಯ ಪ್ರಿಸೆಟ್ ಒಳಗೆ ಕಾಲಿಡಲು ಬಿಡಬೇಕು. ಸಿಂಥ್ ತಯಾರಕರು ‘ಮ್ಯಾಕ್ರೊ’ ಎಂಬ ಕೆಲವೇ ನಾಬ್‌ಗಳನ್ನು ಮುಂದಿಟ್ಟು, ಒಂದೊಂದಕ್ಕೂ ಹಿಂದಿನ ಹತ್ತಾರು ನಾಬ್‌ಗಳನ್ನು ಜೋಡಿಸುವುದು ಇದಕ್ಕಾಗಿಯೇ. ಸೀರಮ್ ಮೊದಲು ಬಂದಾಗ ಅವು ನಾಲ್ಕಿದ್ದವು. ‘ದಿ ಡಾರ್ಕ್ ನೈಟ್’ ಚಿತ್ರಗಳಿಗೆ ಸಂಗೀತ ನಿರ್ದೇಶಕ ಹಾನ್ಸ್ ಝಿಮ್ಮರ್ ಮತ್ತು ಶಬ್ದವಿನ್ಯಾಸಕ ಹೋವರ್ಡ್ ಸ್ಕಾರ್ ಯು-ಹೀಯ ಝೀಬ್ರಾ2 ಬಳಸಿದರು. ಆ ಶಬ್ದಗಳು ಆಮೇಲೆ ಮಾರಾಟಕ್ಕೂ ಬಂದವು. ಕೊಂಡವರೆಲ್ಲ ಝಿಮ್ಮರ್ ಆಗಲಿಲ್ಲ, ಸರಿ. ಆದರೆ ಒಂದೇ ಸ್ವರ ನಿಧಾನಕ್ಕೆ ತಿರುಗುತ್ತ ಎದೆ ಹಿಂಡುವುದು ಹೇಗೆಂದು ನಾಬ್ ನಾಬ್ ಬಿಚ್ಚಿ ನೋಡಿದವರಿಗೆ ಅದು ಪಾಠಶಾಲೆಯಾಯಿತು.

ಕೊಳ್ಳುವ ಮುನ್ನ ನಾಲ್ಕು ಪರೀಕ್ಷೆ

• ಖಾಲಿ ಶಬ್ದದಿಂದ (ಇನಿಟ್) ಶುರುಮಾಡಿ. ಕೈಪಿಡಿ ತೆರೆಯದೆ ಹತ್ತು ನಿಮಿಷದಲ್ಲಿ ಒಂದು ಬೇಸ್ ಕಟ್ಟಲಾಗುತ್ತದೆಯೇ?

• ಇಷ್ಟವಾದ ಪ್ರಿಸೆಟ್ ಒಂದನ್ನು ತೆರೆಯಿರಿ. ಅದರ ಚಲನೆ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಲು ಸಾಧ್ಯವೇ?

• ಮೆದುವಾಗಿ, ಜೋರಾಗಿ, ಕೀಬೋರ್ಡಿನ ಪಕ್ಕದ ಚಕ್ರವನ್ನು (ಮಾಡ್ ವೀಲ್) ತಿರುಗಿಸುತ್ತ ನುಡಿಸಿ. ಬಣ್ಣ ಬದಲಾಗುತ್ತದೆಯೇ, ಇಲ್ಲ ವಾಲ್ಯೂಮ್ ಮಾತ್ರವೇ?

• ನಾಲ್ಕು ಟ್ರ್ಯಾಕ್‌ಗಳಲ್ಲಿ ಒಟ್ಟಿಗೆ ಹಾಕಿ. ನಿಮ್ಮ ಕಂಪ್ಯೂಟರ್ ತಡೆದುಕೊಳ್ಳುತ್ತದೆಯೇ?

ನಮ್ಮ ಸ್ವರಕ್ಕೆ ಯಾರು?

ಹಣ ಇಂದು ದೊಡ್ಡ ಅಡ್ಡಿಯಲ್ಲ. ಡಿಎಕ್ಸ್7ನ ಹಳೆಯ ಶಬ್ದಗಳನ್ನೇ ತೆರೆಯಬಲ್ಲ ಡೆಕ್ಸ್ಡ್ ಉಚಿತ. ಮ್ಯಾಟ್ ಟೈಟೆಲ್ 2020ರಲ್ಲಿ ತಂದ ವೈಟಲ್‌ಗೂ ಉಚಿತ ಆವೃತ್ತಿಯಿದೆ, ಸೀರಮ್‌ನ ಬಗೆಯ ವೇವ್‌ಟೇಬಲ್ ಕೆಲಸ ಅದರಲ್ಲೂ ಆಗುತ್ತದೆ. ಕ್ಲಾಸ್ ಯೊಹಾನ್ಸನ್ ಬರೆದ ಸರ್ಜ್ 2018ರಲ್ಲಿ ಮುಕ್ತ ತಂತ್ರಾಂಶವಾಯಿತು. ಆಸಕ್ತರು ಅದನ್ನು ಬೆಳೆಸಿ ಸರ್ಜ್ ಎಕ್ಸ್‌ಟಿ ಮಾಡಿದ್ದಾರೆ.

ಈ ಸರ್ಜ್ ನಮಗೆ ಬೇರೆ ಕಾರಣಕ್ಕೂ ಮುಖ್ಯ. ಕೀಬೋರ್ಡಿನ ಹನ್ನೆರಡು ಸ್ವರಗಳು ಸಮ ಅಂತರದವು, ಒಂದೊಂದಕ್ಕೂ ನೂರು ಸೆಂಟ್. ಷಡ್ಜದ ಮೇಲೆ 5:4ರ ಅನುಪಾತದಲ್ಲಿ ಕೂರುವ ಅಂತರ ಗಾಂಧಾರ ಸುಮಾರು 386 ಸೆಂಟ್. ಕೀಬೋರ್ಡ್ ಕೊಡುವುದು 400. ತಂಬೂರಿ ಶ್ರುತಿಯ ಮೇಲೆ ಇಟ್ಟರೆ ಈ ಹದಿನಾಲ್ಕು ಸೆಂಟ್ ಕಿವಿಗೆ ಚುಚ್ಚುತ್ತದೆ. ಸರ್ಜ್‌ನಲ್ಲಿ ಸ್ಕಾಲಾ ಎಂಬ ಶ್ರುತಿ ಕಡತ ಹಾಕಿ ಪ್ರತಿ ಸ್ವರವನ್ನೂ ಸರಿಪಡಿಸಿಕೊಳ್ಳಬಹುದು. ಗಮಕ ಇನ್ನೂ ಕಷ್ಟದ್ದು. ಸಿಂಥ್‌ನ ಸಾಮಾನ್ಯ ಗ್ಲೈಡ್ ಒಂದೇ ಬಗೆಯಲ್ಲಿ ಜಾರುತ್ತದೆ. ತೋಡಿ ರಾಗದ ಗಾಂಧಾರ ತೂಗುವ ಬಗೆಯೇ ಬೇರೆ. ಆದರೂ ಸರ್ಜ್, ವೈಟಲ್ ಎರಡರಲ್ಲೂ ಬೇಕಾದ ಆಕಾರದ ಗೆರೆಯೊಂದನ್ನು ಎಳೆದು, ಸ್ವರ ಒತ್ತಿದಾಗ ಒಂದೇ ಸಲ ಓಡುವಂತೆ ಇಟ್ಟು, ಶ್ರುತಿಗೆ ಜೋಡಿಸಿದರೆ ಗಮಕದ ಅಂದಾಜು ರೂಪ ಸಿಗುತ್ತದೆ. ಅದನ್ನು ಮಾಡ್ ವೀಲ್‌ಗೆ ಕೊಟ್ಟರೆ ಎಷ್ಟು ತೂಗಬೇಕೆಂಬುದು ಕೈಯ ವಶ.

ಸಿಂಥ್‌ಗಳ ಜೊತೆ ಬರುವ ಪ್ರಿಸೆಟ್‌ಗಳಲ್ಲಿ ಇಂಥದ್ದು ಅಪರೂಪ. ಕಾರಣ ಸರಳ: ಶಬ್ದ ಕಟ್ಟುವವರು ತಾವು ಕೇಳಿ ಬೆಳೆದದ್ದನ್ನು ಕಟ್ಟುತ್ತಾರೆ. ಬೆಂಗಳೂರಿನಲ್ಲಿ ಕೊಳಲು ನುಡಿಸುವ ಎಂಜಿನಿಯರ್ ಜಿ. ರಾಜನಾರಾಯಣ್ ತಮಗೆ ಬೇಕಾದ ಶ್ರುತಿಯಂತ್ರ ತಾವೇ ಮಾಡಿದ್ದರಿಂದ ರಾಡೆಲ್ ಕಂಪನಿ ಹುಟ್ಟಿತು; ಅದರ ಎಲೆಕ್ಟ್ರಾನಿಕ್ ತಂಬೂರಿ ಸಂಗೀತ ಪಾಠದ ಮನೆಗಳಿಗೆಲ್ಲ ಹೋಯಿತು. ಅಂದು ಸರ್ಕ್ಯೂಟ್ ಬೆಸೆಯಬೇಕಿತ್ತು. ಇಂದು ಲ್ಯಾಪ್‌ಟಾಪ್, ಉಚಿತ ಸಿಂಥ್, ಒಂದು ರಜೆಯ ಬಿಡುವು ಸಾಕು. ಗಮಕ ಬಲ್ಲವರು ನಾಬ್ ಮುಟ್ಟುವುದಿಲ್ಲ, ನಾಬ್ ಬಲ್ಲವರು ಗಮಕ ಕಲಿತಿರುವುದಿಲ್ಲ. ಇವರಿಬ್ಬರೂ ಒಂದು ಕೋಣೆಯಲ್ಲಿ ಕೂತರೆ ಯಾವ ಕಂಪನಿಯೂ ಕೊಡದ ಶಬ್ದಗಳು ನಮ್ಮಲ್ಲೇ ಹುಟ್ಟುತ್ತವೆ.