ಮಕ್ಕಳ ಕೋಣೆಯ ಅಟ್ಟದ ಮಂಚ: ಎತ್ತರವನ್ನು ಮೇಲಿನಿಂದ ಅಳೆಯಿರಿ

ಮಕ್ಕಳಿಗೆ ಹತ್ತು ವರ್ಷವಾದಾಗ ಅವರ ಹಾಸಿಗೆಗಳನ್ನು ಬೇರ್ಪಡಿಸಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಸುನನ್ ಅಬೂದಾವೂದ್‌ನಲ್ಲಿರುವ ಈ ಹದೀಸ್ ನಮ್ಮ ಹೆಚ್ಚಿನ ತಾಯಂದಿರಿಗೆ ಗೊತ್ತು. ಅದನ್ನು ಪಾಲಿಸುವುದು ಹೇಗೆ ಎಂಬುದೇ ಅವರ ಚಿಂತೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮೊಹಲ್ಲಾಗಳಲ್ಲಿ ಮಕ್ಕಳಿಗೆಂದು ಒಂದು ಕೋಣೆ ಸಿಕ್ಕರೆ ಅದೇ ಹೆಚ್ಚು. ಹತ್ತು ಅಡಿಗೆ ಹತ್ತು ಅಡಿಯ ಆ ಕೋಣೆಯಲ್ಲಿ ಮೂರು ಮಕ್ಕಳ ಹಾಸಿಗೆ, ಪುಸ್ತಕ, ಬಟ್ಟೆಯ ಬೀರು ಎಲ್ಲವೂ ಹಿಡಿಯಬೇಕು. ಹಾಗಾಗಿ ಈಚೆಗೆ ಅನೇಕರು ವೆಲ್ಡಿಂಗ್ ಅಂಗಡಿಗೋ ಬಡಗಿಯ ಬಳಿಗೋ ಹೋಗಿ ಅಟ್ಟದ ಮಂಚ, ಅಂದರೆ ಲಾಫ್ಟ್ ಬೆಡ್ ಮಾಡಿಸುತ್ತಿದ್ದಾರೆ. ಮೇಲೆ ನಿದ್ದೆ, ಕೆಳಗೆ ಓದಿನ ಮೇಜು ಅಥವಾ ಬೀರು.

ಈ ಏರ್ಪಾಡಿನಲ್ಲಿ ತಪ್ಪೇನೂ ಇಲ್ಲ. ಆದರೆ ಎತ್ತರ ನಿರ್ಧಾರವಾಗುವ ರೀತಿ ಸರಿಯಿಲ್ಲ. "ಕೆಳಗೆ ಬೀರು ಇಡಬೇಕು, ಆರಡಿ ಎತ್ತರ ಮಾಡಿ" ಎಂದು ನಾವು ಹೇಳುತ್ತೇವೆ. ಬಡಗಿ ನೆಲದಿಂದ ಆರಡಿ ಅಳೆದು ಗುರುತು ಹಾಕುತ್ತಾನೆ. ಮೇಲೆ ಮಲಗುವ ಮಗುವನ್ನು, ತಲೆಯ ಮೇಲಿನ ಸೂರನ್ನು, ತಿರುಗುವ ಫ್ಯಾನನ್ನು ಯಾರೂ ಅಳೆಯುವುದಿಲ್ಲ. ಅಳತೆ ಟೇಪನ್ನು ಮೊದಲು ಸೂರಿಗೆ ಹಿಡಿದು ಕೆಳಕ್ಕೆ ಬಿಡಬೇಕು. ಆಮೇಲೆ ನಮ್ಮ ಕೆಲಸಕ್ಕೆ ಸಾಕಾಗುವ ಅತಿ ಕಡಿಮೆ ಎತ್ತರವನ್ನು ಆರಿಸಬೇಕು.

ಬೀಳುವುದು ಅಪರೂಪವಲ್ಲ

ಅಮೆರಿಕದ 'ಪೀಡಿಯಾಟ್ರಿಕ್ಸ್' ಎಂಬ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ 2008ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 1990ರಿಂದ 2005ರವರೆಗೆ ಬಂಕ್ ಬೆಡ್‌ಗಳಿಂದ ಗಾಯಗೊಂಡು ಆ ದೇಶದ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ ಮಕ್ಕಳು ಮತ್ತು ತರುಣರ ಸಂಖ್ಯೆ ವರ್ಷಕ್ಕೆ ಸರಾಸರಿ ಸುಮಾರು 36,000. ಹತ್ತರಲ್ಲಿ ಏಳಕ್ಕೂ ಹೆಚ್ಚು ಪ್ರಕರಣಗಳಲ್ಲಿ ಕಾರಣ ಬಿದ್ದದ್ದೇ. ಗಾಯಗೊಂಡವರಲ್ಲಿ ಅರ್ಧದಷ್ಟು 6 ವರ್ಷದೊಳಗಿನವರು. ಚಿಕ್ಕ ಮಗುವಿನ ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು, ಭಾರವೂ ಹೆಚ್ಚು. ಹಾಗಾಗಿ ಬೀಳುವಾಗ ತಲೆಯೇ ಮುಂದಾಗುತ್ತದೆ.

ಎತ್ತರ ಹೆಚ್ಚಿದಂತೆ ಪೆಟ್ಟೂ ಹೆಚ್ಚುತ್ತದೆ. ಮೂರು ಅಡಿಯಿಂದ ಬಿದ್ದ ಮಗು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 15 ಕಿಲೋಮೀಟರ್. ಆರು ಅಡಿಯಿಂದ ಬಿದ್ದರೆ ಸುಮಾರು 21 ಕಿಲೋಮೀಟರ್. ದೇಹ ತಡೆದುಕೊಳ್ಳಬೇಕಾದ ಪೆಟ್ಟಿನ ಶಕ್ತಿ ಎರಡರಷ್ಟಾಗುತ್ತದೆ. ನಮ್ಮ ಕಡೆಯ ನೆಲ ಕಲ್ಲು ಚಪ್ಪಡಿ, ಸಿಮೆಂಟ್ ಅಥವಾ ಟೈಲ್ಸ್. ಅದು ಪೆಟ್ಟನ್ನು ಸ್ವಲ್ಪವೂ ಹೀರಿಕೊಳ್ಳುವುದಿಲ್ಲ.

ಮೊದಲ ಅಳತೆ: ಸೂರು

ಮಗು ಹಾಸಿಗೆಯ ಮೇಲೆ ನೆಟ್ಟಗೆ ಕುಳಿತಾಗ ತಲೆಗೂ ಸೂರಿಗೂ ನಡುವೆ ಕನಿಷ್ಠ 6 ಇಂಚು ಜಾಗ ಇರಬೇಕು. ಮಗುವನ್ನು ನೆಲದ ಮೇಲೆ ಗೋಡೆಗೆ ಒರಗಿಸಿ ಕೂರಿಸಿ, ನೆಲದಿಂದ ನೆತ್ತಿಯವರೆಗೆ ಅಳೆಯಿರಿ. ಹತ್ತು ವರ್ಷದ ಮಗುವಿಗೆ ಅದು ಸುಮಾರು 28ರಿಂದ 29 ಇಂಚು, ಹನ್ನೆರಡರ ಮಗುವಿಗೆ ಸುಮಾರು 30 ಇಂಚು ಬರುತ್ತದೆ. ಮಕ್ಕಳು ಬೆಳೆಯುತ್ತಾರೆ, ಮಂಚ ಬೆಳೆಯುವುದಿಲ್ಲ. ಆದ್ದರಿಂದ ಹಾಸಿಗೆಯ ಮೇಲ್ಭಾಗದಿಂದ ಸೂರಿಗೆ 36 ಇಂಚು, ಅಂದರೆ ಮೂರಡಿ, ಖಾಲಿ ಇರಬೇಕೆಂದು ಇಟ್ಟುಕೊಳ್ಳಿ.

ಇದು ಕನಿಷ್ಠ ಅಳತೆ ಮಾತ್ರ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ವಿಚಾರವೂ ಇದೆ: ಶಾಖ. ಹಳೆಯ ಮನೆಗಳ ಸೂರು ಕಲ್ಲು ಚಪ್ಪಡಿಯದು, ಹೊಸ ಮನೆಗಳದ್ದು ಕಾಂಕ್ರೀಟಿನದು. ಎರಡೂ ಹಗಲೆಲ್ಲ ಬಿಸಿಲನ್ನು ಹೀರಿಕೊಂಡು ರಾತ್ರಿ ಕೋಣೆಯೊಳಕ್ಕೆ ಬಿಡುತ್ತವೆ. ಬಿಸಿಗಾಳಿ ಮೇಲೇರಿ ಸೂರಿನ ಕೆಳಗೇ ನಿಲ್ಲುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಕೆಳಗೆ ಮಲಗಿದವರಿಗೆ ಹಿತವಾಗಿರುವ ಕೋಣೆ ಮೇಲೆ ಮಲಗಿದ ಮಗುವಿಗೆ ಉಸಿರು ಕಟ್ಟುವಂತಿರಬಹುದು.

ಯುನಾನಿ ವೈದ್ಯಪದ್ಧತಿ ಆರೋಗ್ಯಕ್ಕೆ ಆರು ಅಗತ್ಯ ಸಂಗತಿಗಳನ್ನು ಹೇಳುತ್ತದೆ. ಅಸ್ಬಾಬೆ ಸಿತ್ತಾ ಜರೂರಿಯಾ ಎನ್ನುವ ಆ ಆರರಲ್ಲಿ ಮೊದಲನೆಯದು ಗಾಳಿ. ನಿದ್ದೆ ಮತ್ತು ಎಚ್ಚರವೂ ಅವುಗಳಲ್ಲಿ ಒಂದು. ಬಾಲ್ಯದ ಮಿಜಾಜ್ ಸ್ವಭಾವತಃ ಉಷ್ಣ ಮತ್ತು ಆರ್ದ್ರ ಎಂದು ನಮ್ಮ ಹಕೀಮರು ತಿಳಿಸಿದ್ದಾರೆ. ಅಂಥ ದೇಹಕ್ಕೆ ರಾತ್ರಿಯಿಡೀ ಬಿಸಿಗಾಳಿ ತಾಗಿದರೆ ಮಗು ಬೆವರುತ್ತದೆ, ಹೊರಳಾಡುತ್ತದೆ, ಬೆವರುಸಾಲೆ ಏಳುತ್ತದೆ, ಬೆಳಿಗ್ಗೆ ಶಾಲೆಯಲ್ಲಿ ತೂಕಡಿಸುತ್ತದೆ. ಹೊರಳಾಟ ಹೆಚ್ಚಾದರೆ ಬೀಳುವ ಸಂಭವವೂ ಹೆಚ್ಚು.

ಮಂಚ ಮಾಡಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಬೇಸಿಗೆಯ ರಾತ್ರಿ ಹತ್ತು ಗಂಟೆಗೆ ಫ್ಯಾನ್ ಆಫ್ ಮಾಡಿ, ಗಟ್ಟಿಯಾದ ಏಣಿಯ ಮೇಲೆ ನಿಂತು ಮಗುವಿನ ತಲೆ ಬರುವ ಎತ್ತರದಲ್ಲಿ ನಿಮ್ಮ ಮುಖ ಇಟ್ಟು ಐದು ನಿಮಿಷ ಇರಿ. ನಿಮಗೆ ತಡೆಯಲಾಗದಿದ್ದರೆ ಮಂಚವನ್ನು ಒಂದಡಿ ಇಳಿಸಿ. ಮಾಳಿಗೆಗೆ ಬಿಳಿ ಸುಣ್ಣ ಬಳಿಸಿದರೆ ಶಾಖ ಸ್ವಲ್ಪ ತಗ್ಗುತ್ತದೆ.

ಎರಡನೆಯ ಅಳತೆ: ಫ್ಯಾನ್

ಅಮೆರಿಕ, ಯೂರೋಪಿನ ಚಿತ್ರ ನೋಡಿ ಮಂಚ ಮಾಡಿಸುವವರು ಮರೆಯುವ ಸಂಗತಿ ಇದು. ಅಲ್ಲಿನ ಅನೇಕ ಮನೆಗಳಲ್ಲಿ ಮಲಗುವ ಕೋಣೆಯ ನಡುವೆ ಫ್ಯಾನ್ ಇರುವುದಿಲ್ಲ, ನಮ್ಮಲ್ಲಿ ಇದ್ದೇ ಇರುತ್ತದೆ.

ಹತ್ತಡಿ ಅಗಲದ ಕೋಣೆಯ ಲೆಕ್ಕ ನೋಡಿ. ಫ್ಯಾನ್ ನಡುಮಧ್ಯದಲ್ಲಿ, ಅಂದರೆ ಗೋಡೆಯಿಂದ 5 ಅಡಿ ದೂರದಲ್ಲಿದೆ. ಸಾಮಾನ್ಯ 48 ಇಂಚಿನ ಫ್ಯಾನಿನ ರೆಕ್ಕೆ ನಡುವಿನಿಂದ 2 ಅಡಿ ಚಾಚಿರುತ್ತದೆ. ಹಾಗಾದರೆ ರೆಕ್ಕೆಯ ತುದಿ ಗೋಡೆಯಿಂದ 3 ಅಡಿಗೆ ಬಂತು. ಗೋಡೆಗೆ ಒತ್ತಿ ಹಾಕಿದ ಮಂಚದ ಅಗಲವೂ 3 ಅಡಿ. ಎಂದರೆ ಮಂಚದ ಅಂಚಿನ ನೇರಕ್ಕೇ ರೆಕ್ಕೆ ಸುತ್ತುತ್ತಿದೆ. ಮಗು ಎದ್ದು ನಿಂತರೆ, ಅಂಗಿ ಬಿಚ್ಚಲು ಕೈ ಎತ್ತಿದರೆ, ತಮ್ಮನತ್ತ ದಿಂಬು ಎಸೆದರೆ ಸಾಕು.

ಎತ್ತರ ಇಳಿಸಿದರೆ ಈ ಅಪಾಯ ಪೂರ್ತಿ ತಪ್ಪುವುದಿಲ್ಲ. ಮೂರಡಿ ಮಂಚದ ಮೇಲೆ ನಿಂತ ಹತ್ತು ವರ್ಷದ ಮಗು ಕೈ ಎತ್ತಿದರೆ ಎಂಟಡಿ ದಾಟುತ್ತದೆ. ಒಂಬತ್ತಡಿ ಸೂರಿನ ಕೋಣೆಯಲ್ಲಿ ರೆಕ್ಕೆಗಳು ಇರುವುದೂ ಹೆಚ್ಚುಕಡಿಮೆ ಅಲ್ಲಿಯೇ. ಫ್ಯಾನ್ ಬಳಕೆ ಹೆಚ್ಚಿರುವ ಆಸ್ಟ್ರೇಲಿಯಾದಲ್ಲಿ ಬಂಕ್ ಬೆಡ್ಡನ್ನು ಸೀಲಿಂಗ್ ಫ್ಯಾನಿನಿಂದ ಕನಿಷ್ಠ 2 ಮೀಟರ್ ದೂರ ಇಡಬೇಕೆಂದು ಪೋಷಕರಿಗೆ ಸಲಹೆ ಕೊಡುತ್ತಾರೆ. ಹತ್ತಡಿ ಕೋಣೆಯಲ್ಲಿ ಅಷ್ಟು ದೂರ ಸಿಗುವುದೇ ಇಲ್ಲ. ಆದ್ದರಿಂದ ಅಂಥ ಕೋಣೆಯಲ್ಲಿ ಅಟ್ಟದ ಮಂಚ ಬೇಕೆಂದರೆ ಸೀಲಿಂಗ್ ಫ್ಯಾನನ್ನು ತೆಗೆಸಿ, ಎದುರು ಗೋಡೆಗೆ ಜಾಲರಿ ಇರುವ ಫ್ಯಾನ್ ಹಾಕಿಸಿ. ಆ ಖರ್ಚನ್ನೂ ಮಂಚದ ಖರ್ಚಿನಲ್ಲಿಯೇ ಸೇರಿಸಿ ಲೆಕ್ಕ ಹಾಕಿ.

ಮೂರನೆಯ ಅಳತೆ: ಕೆಳಗಿನ ಜಾಗ

ಸೂರು ಮತ್ತು ಫ್ಯಾನಿನ ಲೆಕ್ಕ ಮುಗಿದ ಮೇಲೆ ಕೆಳಗೆ ಏನು ಬೇಕು ಎಂದು ಕೇಳಿಕೊಳ್ಳಿ. ಚೌಕಟ್ಟು 4 ಇಂಚು, ಹಾಸಿಗೆ 4 ಇಂಚು ದಪ್ಪ ಎಂದುಕೊಳ್ಳೋಣ.

ಕೆಳಗೆ ಬಟ್ಟೆ ಪೆಟ್ಟಿಗೆ, ರಜಾಯಿ ಮಾತ್ರ ಇಡುವುದಾದರೆ 22 ಇಂಚು ಜಾಗ ಸಾಕು. ಹಾಸಿಗೆಯ ಮೇಲ್ಭಾಗ ಎರಡೂವರೆ ಅಡಿಗೆ ಬರುತ್ತದೆ.

ಮಕ್ಕಳು ಚಾಪೆ ಹಾಸಿ ನೆಲದ ಮೇಲೆ ಕುಳಿತು ತಗ್ಗಾದ ಡೆಸ್ಕಿನಲ್ಲಿ ಓದುವುದಾದರೆ 36 ಇಂಚು ಬೇಕು. ಹಾಸಿಗೆಯ ಮೇಲ್ಭಾಗ 3 ಅಡಿ 8 ಇಂಚು.

ಕುರ್ಚಿ ಹಾಕಿ ಓದುವುದಾದರೆ 50 ಇಂಚು ಬೇಕು. ಹಾಸಿಗೆಯ ಮೇಲ್ಭಾಗ 4 ಅಡಿ 10 ಇಂಚಿಗೆ ಏರುತ್ತದೆ.

ಎತ್ತರದ ಬೀರು ಇಡಲು ಅಥವಾ ಕೆಳಗೆ ನಿಂತು ಓಡಾಡಲು ಐದೂವರೆ ಅಡಿ ಬೇಕು. ಆಗ ಹಾಸಿಗೆ 6 ಅಡಿ 2 ಇಂಚಿಗೆ ಹೋಗುತ್ತದೆ. ಒಂಬತ್ತಡಿ ಸೂರಿನಲ್ಲಿ ಮೇಲೆ ಉಳಿಯುವುದು 34 ಇಂಚು ಮಾತ್ರ. ಅಂಥ ಮನೆಗೆ ಇದು ಬೇಡ.

ಕುರ್ಚಿಯ ಬದಲು ಚಾಪೆ ಆರಿಸಿಕೊಂಡರೆ 14 ಇಂಚು ಎತ್ತರ ಉಳಿಯಿತು ಎಂಬುದನ್ನು ಗಮನಿಸಿ. ಬೀರು ಎದುರು ಗೋಡೆಗೆ ಹೋದರೆ ಇನ್ನೂ ಹೆಚ್ಚು ಉಳಿಯುತ್ತದೆ.

ಯಾವ ವಯಸ್ಸಿಗೆ ಎಷ್ಟು?

6 ವರ್ಷದೊಳಗಿನ ಮಗುವನ್ನು ಮೇಲಿನ ಮಂಚದಲ್ಲಿ ಮಲಗಿಸಬಾರದು ಎಂಬುದು ಅಮೆರಿಕದ ನಿಯಮಗಳ ಎಚ್ಚರಿಕೆ. ಆಸ್ಟ್ರೇಲಿಯಾದಲ್ಲಿ 9 ವರ್ಷದವರೆಗೂ ಬೇಡ ಎನ್ನುತ್ತಾರೆ. ನನ್ನ ಸಲಹೆ ಹೀಗಿದೆ. ಆರರೊಳಗೆ ನೆಲದ ಹಾಸಿಗೆ ಅಥವಾ ತಗ್ಗು ಮಂಚ. ಆರರಿಂದ ಒಂಬತ್ತರವರೆಗೆ ಹಾಸಿಗೆಯ ಮೇಲ್ಭಾಗ ಎರಡೂವರೆ ಅಡಿ ಮೀರದಿರಲಿ. ಒಂಬತ್ತರ ನಂತರ 3 ಅಡಿ 8 ಇಂಚು. ಹುಡುಗಾಟ ಕಡಿಮೆ ಇರುವ, ಹೇಳಿದ ಮಾತು ಕೇಳುವ ಮಗುವಿಗೆ ಹೆಚ್ಚೆಂದರೆ 4 ಅಡಿ 10 ಇಂಚು.

ಮೂರ್ಛೆರೋಗ ಇರುವ, ನಿದ್ದೆಯಲ್ಲಿ ನಡೆಯುವ, ತಲೆಸುತ್ತು ಬರುವ, ನಿದ್ದೆ ತರಿಸುವ ಔಷಧ ತೆಗೆದುಕೊಳ್ಳುವ ಮಕ್ಕಳನ್ನು ಯಾವ ವಯಸ್ಸಿನಲ್ಲೂ ಮೇಲೆ ಮಲಗಿಸಬೇಡಿ. ಹಾಸಿಗೆ ಒದ್ದೆ ಮಾಡುವ, ರಾತ್ರಿ ಮೂತ್ರಕ್ಕೆ ಪದೇಪದೇ ಏಳುವ ಮಗುವೂ ಕೆಳಗೇ ಇರಲಿ. ಜ್ವರ ಬಂದ ರಾತ್ರಿ ಎಲ್ಲ ಮಕ್ಕಳೂ ಕೆಳಗೆ.

ತಡೆಕಂಬಿ ಮತ್ತು ಏಣಿ

ತಡೆಗೋಡೆ ಇಲ್ಲದ ಮಾಳಿಗೆಯ ಮೇಲೆ ಮಲಗುವವನ ಬಗ್ಗೆ ಪ್ರವಾದಿ(ಸ) ಕಠಿಣವಾಗಿ ಎಚ್ಚರಿಸಿದ್ದಾರೆ. ಅಂಥವನ ಮೇಲಿನ ರಕ್ಷಣೆಯ ಹೊಣೆ ಹೊರಟುಹೋಗುತ್ತದೆ ಎಂಬುದು ಅದರ ಸಾರಾಂಶ. ಇದೂ ಅಬೂದಾವೂದ್‌ನಲ್ಲಿದೆ. ಅಟ್ಟದ ಮಂಚವೂ ಒಂದು ಪುಟ್ಟ ಮಾಳಿಗೆಯೇ. ಅದರ ಮೇಲೆ ಮಲಗುವ ಮಗು ತಾನಾಗಿ ಜಾಗ ಆರಿಸಿಕೊಂಡಿಲ್ಲ, ನಾವು ಮಲಗಿಸಿದ್ದೇವೆ. ಅಲ್ಲಾಹನು ನಮಗೆ ಕೊಟ್ಟ ಅಮಾನತ್ ಅದು.

ಮಂಚದ ತಳ ನೆಲದಿಂದ 30 ಇಂಚು ಮೀರಿದರೆ ಎರಡೂ ಬದಿಗೆ ತಡೆಕಂಬಿ ಇರಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಗೋಡೆಯ ಬದಿಗೂ ಬೇಕು, ಏಕೆಂದರೆ ಗೋಡೆಗೂ ಮಂಚಕ್ಕೂ ನಡುವಿನ ಸಂದಿಯಲ್ಲಿ ಮಗು ಸಿಕ್ಕಿಕೊಳ್ಳಬಹುದು. ಅದಕ್ಕಿಂತ ತಗ್ಗಿನ ಮಂಚಕ್ಕೂ ಕಂಬಿ ಇದ್ದರೆ ಒಳ್ಳೆಯದು. ಕಂಬಿ ಹಾಸಿಗೆಯ ಮೇಲ್ಭಾಗದಿಂದ ಕನಿಷ್ಠ 5 ಇಂಚು ಏಳಬೇಕು. ಯೂರೋಪಿನ ಅಳತೆ 16 ಸೆಂಟಿಮೀಟರ್, ಅಂದರೆ ಆರು ಇಂಚಿಗಿಂತ ತುಸು ಹೆಚ್ಚು. ಇದನ್ನೇ ಹಿಡಿಯಿರಿ. ಬಡಗಿ ಹಲಗೆಯಿಂದ ಅಳೆಯುತ್ತಾನೆ, ನೀವು ಹಾಸಿಗೆ ಹಾಸಿದ ಮೇಲೆ ಅಳೆಯಿರಿ. ಹೊಸದಾಗಿ ತುಂಬಿಸಿದ ಹತ್ತಿಯ ಹಾಸಿಗೆ ಆರು ಇಂಚು ಉಬ್ಬಿರುತ್ತದೆ. ಅದರ ಮೇಲೊಂದು ರಜಾಯಿ ಹಾಕಿದರೆ ಕಂಬಿ ಇದ್ದೂ ಇಲ್ಲದಂತೆ. ಕಂಬಿಗಳ ನಡುವಿನ ಸಂದು ಮೂರೂವರೆ ಇಂಚಿಗಿಂತ ಕಡಿಮೆ ಇರಲಿ. ಹೆಚ್ಚಾದರೆ ದೇಹ ನುಸುಳಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ.

ಏಣಿ ಓರೆಯಾಗಿರಲಿ, ಮಂಚಕ್ಕೆ ಭದ್ರವಾಗಿ ಬಿಗಿದಿರಲಿ, ಮೆಟ್ಟಿಲು ಚಪ್ಪಟೆಯಾಗಿರಲಿ. ದುಂಡು ಪೈಪಿನ ಮೇಲೆ ಬರಿಗಾಲು ಜಾರುತ್ತದೆ. ಏಣಿಗೆ, ಕಂಬಿಗೆ ದುಪಟ್ಟಾ, ಹಗ್ಗ, ಬ್ಯಾಗಿನ ಪಟ್ಟಿ ನೇತುಹಾಕಬೇಡಿ. ಕುತ್ತಿಗೆಗೆ ಸುತ್ತಿಕೊಂಡು ಪ್ರಾಣ ಹೋಗುವ ಅಪಾಯವಿದೆ. ಸರಿಯಾಗಿ ಒಣಗದ ನೀಲಗಿರಿ ಮರ ನಮ್ಮ ಕಡೆ ಅಗ್ಗವಾಗಿ ಸಿಗುತ್ತದೆ, ಆದರೆ ಅದು ಸೀಳುತ್ತದೆ, ತಿರುಚಿಕೊಳ್ಳುತ್ತದೆ. ಮಂಚವನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿಸಿ, ತಿಂಗಳಿಗೊಮ್ಮೆ ಅಲುಗಾಡಿಸಿ ನೋಡಿ.

ರಮಝಾನಿನಲ್ಲಿ ಸಹರಿಗೆ ಎಬ್ಬಿಸುವಾಗ ಮಗುವನ್ನು ಅವಸರಪಡಿಸಬೇಡಿ. ದೀಪ ಹಾಕಿ, ಹೆಸರು ಹಿಡಿದು ಕರೆಯಿರಿ, ಎದ್ದು ಕುಳಿತು ಉತ್ತರ ಕೊಟ್ಟ ಮೇಲೆ ಇಳಿಯಲು ಹೇಳಿ. ಅರೆನಿದ್ದೆಯಲ್ಲಿ ಮಗುವಿಗೆ ತಾನು ಎತ್ತರದಲ್ಲಿರುವುದು ನೆನಪಿರುವುದಿಲ್ಲ.

ಶುಚಿತ್ವ

ಮಲಗುವ ಮೊದಲು ಹಾಸಿಗೆಯನ್ನು ಕೊಡವಬೇಕೆಂಬ ಸುನ್ನತ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ತಾಯಿಯ ಕೈಗೆ ಎಟುಕದ ಹಾಸಿಗೆಯನ್ನು ಯಾರು ಕೊಡವುತ್ತಾರೆ? ಅಟ್ಟದ ಹಾಸಿಗೆಯಲ್ಲಿ ಧೂಳು, ತಿಂಡಿಯ ಚೂರು, ತಿಗಣೆ ಸೇರುವುದು ಕಣ್ಣಿಗೆ ಬೀಳುವುದಿಲ್ಲ. ಉಬ್ಬಸ, ಸೀನು ಇರುವ ಮಗುವಿಗೆ ಇದರಿಂದ ತೊಂದರೆ ಹೆಚ್ಚುತ್ತದೆ. ತಾಯಿ ನೆಲದ ಮೇಲೆ ನಿಂತು ಹಾಸಿಗೆಯ ಆಚೆ ಅಂಚನ್ನು ಮುಟ್ಟುವಂತಿರಬೇಕು. ಕಡಿಮೆ ಎತ್ತರಕ್ಕೆ ಇದೂ ಒಂದು ಕಾರಣ. ವಾರಕ್ಕೊಮ್ಮೆ ಹಾಸಿಗೆಯನ್ನು ಬಿಸಿಲಿಗೆ ಹಾಕಿ.

ಬಿದ್ದರೆ ಏನು ಮಾಡಬೇಕು?

ತಲೆಗೆ ಪೆಟ್ಟಾದ ಮಗುವಿಗೆ ಎಚ್ಚರ ತಪ್ಪಿದರೆ, ಪದೇಪದೇ ವಾಂತಿಯಾದರೆ, ಅಸಹಜವಾಗಿ ಮಂಪರು ಕವಿದರೆ, ಸೆಳವು ಬಂದರೆ, ತಲೆನೋವು ಹೆಚ್ಚುತ್ತಾ ಹೋದರೆ, ಕಿವಿ-ಮೂಗಿನಿಂದ ರಕ್ತ ಅಥವಾ ನೀರು ಬಂದರೆ, ಕಣ್ಣುಪಾಪೆಗಳು ಒಂದೇ ಗಾತ್ರದಲ್ಲಿ ಇಲ್ಲದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಮೊದಲ ಒಂದು ದಿನ ಮಗುವಿನ ಮೇಲೆ ಕಣ್ಣಿಡಿ. ಕುತ್ತಿಗೆ ನೋವು ಎಂದರೆ ಎತ್ತಿ ಅಲುಗಾಡಿಸಬೇಡಿ.

ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಇದು ಮನೆಮದ್ದಿನ ಹೊತ್ತಲ್ಲ. ರೋಗನ್ ಹಚ್ಚಿ ತಿಕ್ಕುವುದು, ಲೇಪ ಹಾಕುವುದು, ನಾಟಿ ಕಟ್ಟು ಕಟ್ಟಿಸುವುದು ಬೇಡ. ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರ ಇರುತ್ತದೆ. ಅದಕ್ಕೆ ಪೆಟ್ಟಾಗಿದ್ದು ತಿಳಿಯದೆ ಬಿಗಿದು ಕಟ್ಟಿದರೆ ಕೈಯೋ ಕಾಲೋ ಸೊಟ್ಟಗೆ ಬೆಳೆಯಬಹುದು. ಮೊದಲು ತಾಲೂಕು ಆಸ್ಪತ್ರೆ ಅಥವಾ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ ಹೋಗಿ ಎಕ್ಸ್-ರೇ ಮಾಡಿಸಿ.

ಕೊನೆಯದಾಗಿ, ಅಟ್ಟದ ಮಂಚಕ್ಕೆ ಅನುಕೂಲವಿಲ್ಲದ ಪೋಷಕರು ಬೇಸರಿಸಬೇಕಿಲ್ಲ. ಹಾಸಿಗೆಗಳು ಬೇರೆಯಾಗಬೇಕು ಎಂಬುದು ಆದೇಶ, ಎತ್ತರವಾಗಬೇಕು ಎಂದಲ್ಲ. ಒಬ್ಬೊಬ್ಬರಿಗೆ ಒಂದೊಂದು ಚಾಪೆ, ಒಂದೊಂದು ಹೊದಿಕೆ, ನಡುವೆ ಅಂತರ, ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ನಡುವೆ ಒಂದು ಪರದೆ. ಬೆಳಿಗ್ಗೆ ಸುತ್ತಿಟ್ಟರೆ ಕೋಣೆ ಓದಿಗೆ ಖಾಲಿ. ಮಂಚ ಮಾಡಿಸಲು ಹೊರಟವರು ಮಾತ್ರ ಈ ವಾರವೇ ಟೇಪ್ ಹಿಡಿದು ಮೂರು ಅಂಕಿ ಬರೆದುಕೊಳ್ಳಿ: ನೆಲದಿಂದ ಸೂರಿಗೆ ಎಷ್ಟು, ಕುಳಿತ ಮಗು ಎಷ್ಟು, ಗೋಡೆಯಿಂದ ಫ್ಯಾನಿನ ರೆಕ್ಕೆಯ ತುದಿಗೆ ಎಷ್ಟು. ಆ ಚೀಟಿಯನ್ನು ಬಡಗಿಯ ಕೈಗೆ ಕೊಟ್ಟ ಮೇಲೆಯೇ ಮುಂಗಡ ಕೊಡಿ.